ಪುಟದಂಚಿನ ಸಾಲು

ಜನನ ಪ್ರಮಾಣ ಪತ್ರ ಎಂಬುದು ಒಂದು ನಕಲು. ಮೂಲ ಇರುವುದು ರಿಜಿಸ್ಟರಿನಲ್ಲಿ. ಮಗು ಹುಟ್ಟಿದಾಗ ಆಸ್ಪತ್ರೆಯವರೋ ಮನೆಯ ಯಜಮಾನರೋ ತುಂಬಿಕೊಟ್ಟ ನಮೂನೆ 1ರ ಆಧಾರದ ಮೇಲೆ ನೋಂದಣಾಧಿಕಾರಿ ಜನನವನ್ನು ದಾಖಲು ಮಾಡುತ್ತಾರೆ. ಆ ದಾಖಲೆಯಿಂದ ಎತ್ತಿ ಬರೆದುಕೊಟ್ಟದ್ದೇ ನಮೂನೆ 5, ಅಂದರೆ ಜನರ ಕೈಗೆ ಬರುವ ಪ್ರಮಾಣ ಪತ್ರ. ಹಾಗಾಗಿ ಪತ್ರದಲ್ಲಿ ತಪ್ಪು ಕಂಡಾಗ ಮೊದಲು ತಿಳಿದುಕೊಳ್ಳಬೇಕಾದ ಸಂಗತಿ, ಆ ತಪ್ಪು ಮೂಲದಲ್ಲೇ ಇದೆಯೋ ನಕಲು ಮಾಡುವಾಗ ನುಸುಳಿತೋ ಎಂಬುದು. ಕೈಬರಹದ ಹಳೆಯ ಪುಟ ನೋಡಿ ಕಂಪ್ಯೂಟರಿಗೆ ಏರಿಸುವಾಗ ‘ರಂಗಮ್ಮ’ ಹೋಗಿ ‘ಗಂಗಮ್ಮ’ ಆಗಿದ್ದರೆ, ರಿಜಿಸ್ಟರು ತೆರೆಸಿ ನೋಡಿ ಹೊಸ ನಕಲು ಪಡೆದರೆ ಕೆಲಸ ಮುಗಿಯಿತು. ರಿಜಿಸ್ಟರಿನಲ್ಲೇ ‘ಗಂಗಮ್ಮ’ ಎಂದಿದ್ದರೆ ನಿಜವಾದ ತಿದ್ದುಪಡಿ ಅಲ್ಲಿಂದ ಶುರು.

ಈ ತಿದ್ದುಪಡಿಗೆ ಆಧಾರ 1969ರ ಜನನ ಮತ್ತು ಮರಣಗಳ ನೋಂದಣಿ ಕಾಯ್ದೆಯ 15ನೇ ಕಲಂ. ಕಲಂ ಚಿಕ್ಕದು, ಅದರೊಳಗಿನ ಕಟ್ಟಳೆ ಗಟ್ಟಿಯದು: ನೋಂದಣಾಧಿಕಾರಿ ಮೂಲ ನಮೂದನ್ನು ಮುಟ್ಟುವಂತಿಲ್ಲ. ಅಳಿಸುವಂತಿಲ್ಲ, ಅಕ್ಷರದ ಮೇಲೆ ಅಕ್ಷರ ತಿದ್ದುವಂತಿಲ್ಲ. ಸರಿಯಾದ ವಿವರವನ್ನು ಪುಟದ ಅಂಚಿನಲ್ಲಿ ಬರೆದು, ಸಹಿ ಮಾಡಿ, ತಿದ್ದಿದ ದಿನದ ತಾರೀಖು ಹಾಕಬೇಕು. ಮೊದಲು ಏನಿತ್ತು, ಆಮೇಲೆ ಏನಾಯಿತು, ಯಾರು, ಯಾವಾಗ ಬರೆದರು ಎಂಬುದೆಲ್ಲ ಒಂದೇ ಪುಟದಲ್ಲಿ ಉಳಿಯುತ್ತದೆ. ಹುಟ್ಟು ಒಮ್ಮೆ ಮಾತ್ರ ನಡೆಯುವ ಸಂಗತಿ. ಅದರ ದಾಖಲೆಯನ್ನು ಬೇಕೆಂದಂತೆ ಬರೆದು ಅಳಿಸಲು ಬಿಟ್ಟರೆ ವಯಸ್ಸಿಗೂ ವಾರಸಿಕೆಗೂ ಪೌರತ್ವಕ್ಕೂ ನೆಲೆ ತಪ್ಪುತ್ತದೆ. ಕಚೇರಿಯ ಹಟವೆಂದು ಜನ ಬೇಸರಪಡುವ ಎಷ್ಟೋ ಸಂಗತಿಗಳ ಬೇರು ಈ ಅಂಚಿನ ಸಾಲಿನಲ್ಲಿದೆ.

ಅದೇ ಕಲಂ ಇನ್ನೊಂದು ಗೆರೆಯನ್ನೂ ಎಳೆದಿದೆ. ನಮೂದು ರೂಪದಲ್ಲೋ ಸಾರದಲ್ಲೋ ತಪ್ಪಾಗಿದ್ದರೆ, ಇಲ್ಲವೇ ಮೋಸದಿಂದಲೋ ಕ್ರಮ ತಪ್ಪಿಯೋ ಆಗಿದ್ದರೆ ಮಾತ್ರ ಅದನ್ನು ತಿದ್ದಬಹುದು ಅಥವಾ ರದ್ದು ಮಾಡಬಹುದು. ಅಂದು ಬರೆದದ್ದು ಅಂದೇ ತಪ್ಪಾಗಿತ್ತು ಎಂದು ತೋರಿಸಿಕೊಡುವುದು ತಿದ್ದುಪಡಿ. ಅಂದು ಬರೆದದ್ದು ಸರಿಯಾಗಿಯೇ ಇತ್ತು, ಈಗ ಬೇರೆ ಬೇಕಾಗಿದೆ ಎನ್ನುವುದು ಬದಲಾವಣೆ. ಮೊದಲನೆಯದಕ್ಕೆ ಕಾಯ್ದೆ ಬಾಗಿಲು ತೆರೆದಿದೆ, ಎರಡನೆಯದರ ಬಗ್ಗೆ ಬಹುಮಟ್ಟಿಗೆ ಸುಮ್ಮನಿದೆ. ಅರ್ಜಿ ಬರೆಯುವ ಮುಂಚೆ ತನ್ನದು ಯಾವ ಬಗೆ ಎಂದು ಇತ್ಯರ್ಥ ಮಾಡಿಕೊಂಡವರಿಗೆ ಅರ್ಧ ಅಲೆದಾಟ ಉಳಿಯುತ್ತದೆ.

ತಪ್ಪುಗಳು ಹುಟ್ಟುವ ಜಾಗ ನೋಡಿದರೆ ಕನ್ನಡ ನಾಡಿನ ಮನೆಗಳ ನಡವಳಿಕೆಯೇ ಕಣ್ಣಿಗೆ ಕಟ್ಟುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಜನನದ ನೋಂದಣಿಯಾಗುವುದು ಮಗು ಹುಟ್ಟಿದ ಜಾಗದಲ್ಲಿ, ಅಪ್ಪನ ಊರು ಯಾವುದೇ ಇರಲಿ. ಹಾಸನದಲ್ಲಿ ಸಂಸಾರ ಹೂಡಿದವರ ಮಗುವಿನ ದಾಖಲೆ ಶಿರಸಿಯಲ್ಲಿರುತ್ತದೆ. ಅದನ್ನು ಹಾಸನದ ಕಚೇರಿಯಲ್ಲಿ ಹುಡುಕಿ ‘ಇಲ್ಲ’ ಎನಿಸಿಕೊಂಡು ಬಂದವರು ಬೇಕಾದಷ್ಟಿದ್ದಾರೆ. ನೋವು ಕಾಣಿಸಿಕೊಂಡ ರಾತ್ರಿ ಆಸ್ಪತ್ರೆಯಲ್ಲಿ ಚೀಟಿ ಬರೆಸುವವರು ಅಜ್ಜಿ ಅಥವಾ ಸೋದರಮಾವ. ತಾಯಿಯ ಹೆಸರು ಕೇಳಿದರೆ ಬಾಯಿಗೆ ಬರುವುದು ಮನೆಯಲ್ಲಿ ಕರೆಯುವ ಹೆಸರು. ಶಾಲೆಯ ದಾಖಲೆಯಲ್ಲಿ ವರಲಕ್ಷ್ಮಿ, ತವರಿನವರ ಬಾಯಲ್ಲಿ ಬರೀ ಲಕ್ಷ್ಮಿ, ಮದುವೆಯ ದಿನ ಹೊಸ ಹೆಸರಿಡುವ ಪದ್ಧತಿಯ ಮನೆಯಾದರೆ ಗಂಡನ ಕಡೆ ಮತ್ತೊಂದು. ಮೂರೂ ಅವಳದೇ ಹೆಸರು, ಮೂರರಲ್ಲಿ ಒಂದು ರಿಜಿಸ್ಟರು ಸೇರುತ್ತದೆ. ಅಳಿಯನ ಪೂರ್ತಿ ಹೆಸರು ಅತ್ತೆಗೆ ಗೊತ್ತಿರುತ್ತದೆಂಬ ಭರವಸೆಯಿಲ್ಲ. ಗೊತ್ತಿದ್ದರೂ ಹೆಸರು ಹಿಡಿದು ಹೇಳಲು ಸಂಕೋಚಪಡುವ ಹಿರಿಯ ಹೆಂಗಸರು ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಬಸುರಿನ ದಿನಗಳಲ್ಲಿ ಮಾಡಿಸಿದ ತಾಯಿ ಕಾರ್ಡಿನಲ್ಲೇ ಹೆಸರು ತಪ್ಪಾಗಿದ್ದರೆ ಅದೇ ತಪ್ಪು ಆಸ್ಪತ್ರೆಗೂ, ಆಸ್ಪತ್ರೆಯಿಂದ ನೋಂದಣಿಗೂ ಸಾಗಿಬರುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಹೆಸರು ಬರೆದುಕೊಳ್ಳುವಾಗ ಆಧಾರ್ ಕಾರ್ಡನ್ನೋ ಅಂಕಪಟ್ಟಿಯನ್ನೋ ತೆಗೆದು ತೋರಿಸುವುದು ಎರಡು ನಿಮಿಷದ ಕೆಲಸ. ಮುಂದೆ ಎರಡು ವರ್ಷದ ಓಡಾಟ ಉಳಿಸುವ ಕೆಲಸವೂ ಅದೇ.

ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಬರುವ ಪೇಚು ಬೇರೆಯೇ. ‘ಗೀತಾ’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಕಾಗುಣಿತ. ಇಂಗ್ಲಿಷಿಗೆ ಹೋದರೆ ಒಂದು ‘ಐ’ಯೋ ಎರಡು ‘ಇ’ಯೋ, ‘ಟಿ’ ಅಕ್ಷರದ ಪಕ್ಕ ‘ಎಚ್’ ಬೇಕೋ ಬೇಡವೋ ಎಂಬುದು ಬರೆಯುವವರ ಕೈಗೆ ಬಿಟ್ಟದ್ದು. ‘ಗೌಡ’ ಹಳೆ ಮೈಸೂರಿನಲ್ಲಿ ‘ಡಬ್ಲ್ಯು’ ಹಾಕಿಕೊಂಡರೆ ಉತ್ತರ ಕರ್ನಾಟಕದಲ್ಲಿ ‘ಯು’ ಹಾಕಿಕೊಳ್ಳುತ್ತದೆ. ‘ಲಕ್ಷ್ಮಿ’ಯ ನಡುವೆ ಒಬ್ಬರು ‘ಎಕ್ಸ್’ ಬರೆದರೆ ಇನ್ನೊಬ್ಬರು ಮೂರು ಅಕ್ಷರ ಬರೆಯುತ್ತಾರೆ. ಉಚ್ಚಾರದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಆದರೆ ಪಾಸ್‌ಪೋರ್ಟಿನ ಯಂತ್ರ, ಬ್ಯಾಂಕಿನ ಯಂತ್ರ ಹೆಸರನ್ನು ಓದುವುದು ಅಕ್ಷರ ಅಕ್ಷರವಾಗಿ. ಇನಿಷಿಯಲ್ಲಿನದೂ ಇದೇ ಕಥೆ. ಊರಿನ ಹೆಸರಿನದೊಂದು, ಅಪ್ಪನ ಹೆಸರಿನದೊಂದು ಅಕ್ಷರ ಮುಂದಿಟ್ಟುಕೊಂಡು ಬಾಳುವುದು ಈ ನಾಡಿನ ರೂಢಿ. ವಿದೇಶದ ಅರ್ಜಿಗಳು ಅವನ್ನು ಬಿಡಿಸಿ ಬರೆ ಎನ್ನುತ್ತವೆ, ಕೊನೆಯ ಹೆಸರು ಯಾವುದು ಎಂದು ಕೇಳುತ್ತವೆ. ಕಾಗುಣಿತದ ತಪ್ಪನ್ನು ನಿಯಮಗಳು ಬರವಣಿಗೆಯ ತಪ್ಪಿನ ಗುಂಪಿಗೆ ಸೇರಿಸುತ್ತವೆ. 1999ರ ಕರ್ನಾಟಕ ನಿಯಮಗಳ ಪ್ರಕಾರ ನೋಂದಣಾಧಿಕಾರಿ ವಿಚಾರಣೆ ಮಾಡಿ, ತಪ್ಪು ಖಚಿತವಾದರೆ ಸರಿಪಡಿಸಬಹುದು. ತಿದ್ದುಪಡಿಗಳಲ್ಲೆಲ್ಲ ಸುಲಭವಾದದ್ದು ಇದು. ಇನಿಷಿಯಲ್ ಬಿಡಿಸುವುದಕ್ಕೂ ಹೆತ್ತವರ ಹೆಸರಿನ ಆಧಾರ ತೋರಿಸಿದರೆ ಸಾಮಾನ್ಯವಾಗಿ ತೊಡಕಾಗುವುದಿಲ್ಲ.

ಎಷ್ಟೋ ಹಳೆಯ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ. ‘ಗಂಡು ಮಗು’, ‘ಹೆಣ್ಣು ಮಗು’ ಎಂದಷ್ಟೇ ಇರುತ್ತದೆ. ಇದು ತಪ್ಪಲ್ಲ. ಜನನದ ವರದಿ ಕೊಡಲು ಇರುವುದು 21 ದಿನ. ನಾಮಕರಣ ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ನಡೆಯುವ ಮನೆಗಳಿರುವಂತೆ ಮೂರು ತಿಂಗಳು ಕಳೆದ ಮೇಲೆ ತೊಟ್ಟಿಲಿಗೆ ಹಾಕುವ ಮನೆಗಳೂ ಇವೆ. ಅದಕ್ಕೇ ಕಾಯ್ದೆಯ 14ನೇ ಕಲಂ ಹೆಸರಿಲ್ಲದೆಯೂ ಜನನ ನೋಂದಾಯಿಸಲು ಬಿಟ್ಟಿದೆ. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ತಂದೆತಾಯಿ ಅಥವಾ ಪೋಷಕರು ಹೆಸರು ತಿಳಿಸಿದರೆ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಹೆಸರು ಹೊಸದಾಗಿ ಸೇರುತ್ತದೆಯೇ ಹೊರತು ಯಾವ ಹೆಸರೂ ಬದಲಾಗುವುದಿಲ್ಲ. ಆದ್ದರಿಂದ ಇಲ್ಲಿ ಸಾಕ್ಷಿ ಪುರಾವೆಯ ಹೊರೆ ಹಗುರ. ಒಮ್ಮೆ ಸೇರಿದ ಹೆಸರನ್ನು ತೆಗೆದು ಇನ್ನೊಂದು ಹಾಕಿಸುವುದು ಮಾತ್ರ ದೊಡ್ಡ ಕೆಲಸ. ಗಡುವು ಹತ್ತಿರ ಬಂತೆಂದು ಮನಸ್ಸಿಗೆ ಬಂದ ಹೆಸರು ಬರೆಸಿ ಬರುವುದು ಒಳ್ಳೆಯದಲ್ಲ.

ಅಂಥ ದೊಡ್ಡ ಕೆಲಸದ ಉದಾಹರಣೆಯೊಂದು ಕರಾವಳಿಯಿಂದ ಬಂದಿದೆ. ಉಡುಪಿಯಲ್ಲಿ ನೋಂದಣಿಯಾದ ಮಗುವೊಂದರ ಹೆಸರು ಜ್ಯೋತಿಷ್ಯದ ಲೆಕ್ಕಕ್ಕೆ ಕೂಡಿಬರಲಿಲ್ಲವೆಂದು ಹೆತ್ತವರು ಬದಲಾವಣೆ ಕೇಳಿದರು. ಕಾಯ್ದೆಯಲ್ಲಿ ಅವಕಾಶವಿಲ್ಲವೆಂದು ಅಧಿಕಾರಿ ನಿರಾಕರಿಸಿದರು. ಕರ್ನಾಟಕ ಹೈಕೋರ್ಟು ಆ ಮಗುವಿನ ಪರವಾಗಿ ತೀರ್ಪು ಕೊಡುತ್ತ, ಶಾಸನಸಭೆ ಕಾಯ್ದೆಗೆ ತಿದ್ದುಪಡಿ ತರುವವರೆಗೆ ಹೆತ್ತವರು ಪ್ರಮಾಣ ಮಾಡಿ ಕೇಳಿದರೆ ಹೊಸ ಹೆಸರನ್ನು ದಾಖಲಿಸಬೇಕು, ಹಳೆಯ ಹೆಸರೂ ಕಾಣುವಂತೆ ಷರಾ ಬರೆಯಬೇಕು ಎಂದಿತು. ಇಂಥ ಅವಕಾಶ ಬೇಕೆಂದು ಕರ್ನಾಟಕ ಕಾನೂನು ಆಯೋಗ 2013ರಲ್ಲೇ ಶಿಫಾರಸು ಮಾಡಿತ್ತು ಎಂಬುದನ್ನೂ ನ್ಯಾಯಾಲಯ ನೆನಪಿಸಿತು. ಎರಡೂ ಹೆಸರು ಉಳಿಯಲಿ ಎಂಬ ಈ ದಾರಿ ಅಂಚಿನ ಸಾಲಿನ ತತ್ವಕ್ಕೆ ಸರಿಯಾಗಿ ಹೊಂದುತ್ತದೆ. ಮಗುವಿಗೂ ನ್ಯಾಯ, ದಾಖಲೆಗೂ ನ್ಯಾಯ. ದೊಡ್ಡವರಾದ ಮೇಲೆ ಹೆಸರು ಬದಲಿಸಿಕೊಳ್ಳುವವರು ಅಫಿಡವಿಟ್ಟು ಮಾಡಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ರಾಜ್ಯಪತ್ರದಲ್ಲಿ ಅಚ್ಚು ಮಾಡಿಸುತ್ತಾರೆ. ಅದರಿಂದ ಅಂದಿನಿಂದ ಮುಂದಕ್ಕೆ ಹೊಸ ಹೆಸರು ನಡೆಯುತ್ತದೆ, ಹುಟ್ಟಿದ ದಿನದ ರಿಜಿಸ್ಟರು ತಾನಾಗಿ ಬದಲಾಗುವುದಿಲ್ಲ.

ಹೆಸರಿಗಿಂತ ಕಠಿಣವಾದದ್ದು ಹುಟ್ಟಿದ ದಿನಾಂಕ. ಕರ್ನಾಟಕದಲ್ಲಿ ಒಂದು ತಲೆಮಾರಿನ ಲೆಕ್ಕವಿಲ್ಲದಷ್ಟು ಜನರ ಹುಟ್ಟುಹಬ್ಬ ಜೂನ್ 1. ಶಾಲೆ ತೆರೆಯುವ ಹೊತ್ತಿಗೆ ಕೈಹಿಡಿದು ಕರೆತಂದ ಮಗುವಿಗೆ ಒಂದನೆಯ ತರಗತಿಗೆ ಬೇಕಾದಷ್ಟು ವಯಸ್ಸು ತುಂಬುವಂತೆ ಲೆಕ್ಕ ಹಾಕಿ ಹೆಡ್‌ಮಾಸ್ತರರು ಬರೆದುಕೊಂಡ ತಾರೀಖು ಅದು. ಅವರನ್ನು ದೂರುವಂತಿಲ್ಲ. ಅಂದಿನ ತಾಯಂದಿರಿಗೆ ಹೆರಿಗೆಯ ನೆನಪಿದ್ದದ್ದು ‘ಕಾರಹುಣ್ಣಿಮೆ ಕಳೆದು ಮೂರನೆಯ ದಿನ’, ‘ಕೆರೆ ಕೋಡಿ ಬಿದ್ದ ವರ್ಷ’ ಎಂದು. ಆ ಮಗು ಆ ಊರಿನ ರಿಜಿಸ್ಟರಿನಲ್ಲಿ ಸರಿಯಾದ ತಾರೀಖಿನೊಂದಿಗೆ ದಾಖಲಾಗಿರುವುದೂ ಉಂಟು. ತೊಡಕು ಇಲ್ಲಿಂದ ಶುರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮತದಾರರ ಚೀಟಿ, ಆಧಾರ್, ಪ್ಯಾನ್ ಎಲ್ಲವೂ ಶಾಲೆಯ ತಾರೀಖನ್ನೇ ಹಿಂಬಾಲಿಸಿರುತ್ತವೆ, ಜನನ ಪತ್ರ ಒಂದೇ ಬೇರೆ ಹೇಳುತ್ತದೆ. ಐದು ಕಾಗದಕ್ಕೆ ಒಂದು ಕಾಗದ ಹೊಂದದಿದ್ದಾಗ ಆ ಒಂದನ್ನು ತಿದ್ದಿಸೋಣ ಎಂದು ಮನೆಯವರು ತಾಲೂಕು ಕಚೇರಿಗೆ ಹೋಗುತ್ತಾರೆ. ನೋಂದಣಾಧಿಕಾರಿ ಒಪ್ಪುವುದಿಲ್ಲ, ಒಪ್ಪಲೂಬಾರದು. ಸರಿಯಿರುವುದು ಆ ಒಂದೇ. ತಿದ್ದಬೇಕಾದದ್ದು ಉಳಿದ ಐದನ್ನು, ಅದರಲ್ಲೂ ಮೊದಲು ಶಾಲೆಯ ದಾಖಲೆಯನ್ನು. ಮಗು ಇನ್ನೂ ಶಾಲೆಯಲ್ಲಿರುವಾಗ ಜನನ ಪತ್ರ ತೋರಿಸಿ ಇದನ್ನು ಮಾಡಿಸಿಕೊಳ್ಳುವುದು ಸುಲಭ. ಎಸ್ಸೆಸ್ಸೆಲ್ಸಿ ದಾಟಿದ ಮೇಲೆ ಪರೀಕ್ಷಾ ಮಂಡಳಿಯ ಬಾಗಿಲು, ಅದೂ ತೆರೆಯದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಘೋಷಣೆ ಕೇಳುವ ದಾವೆ.

ಸರ್ಕಾರಿ ನೌಕರರಿಗೆ ದಾರಿ ಇನ್ನೂ ಇಕ್ಕಟ್ಟು. 1974ರ ಕರ್ನಾಟಕ ರಾಜ್ಯ ನೌಕರರ ವಯಸ್ಸು ನಿರ್ಣಯ ಕಾಯ್ದೆಯ ಪ್ರಕಾರ ಸೇವಾ ಪುಸ್ತಕದಲ್ಲಿ ವಯಸ್ಸು ದಾಖಲಾದ 3 ವರ್ಷದೊಳಗೆ ಕೇಳಿಕೊಳ್ಳಬೇಕು. ನಿವೃತ್ತಿ ಹತ್ತಿರ ಬಂದಾಗ ಹೊಸ ತಾರೀಖು ಹಿಡಿದು ಬಂದವರಿಗೆ ನ್ಯಾಯಾಲಯಗಳು ಮಣೆ ಹಾಕಿಲ್ಲ. ಕರ್ನಾಟಕದ ಸರ್ಕಾರಿ ನಿಗಮವೊಂದರ ನೌಕರರ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು, ಗಟ್ಟಿ ಸಾಕ್ಷಿ ಇದ್ದರೂ ಹುಟ್ಟಿದ ದಿನಾಂಕದ ಬದಲಾವಣೆಯನ್ನು ಹಕ್ಕೆಂದು ಕೇಳಲಾಗದು, ತಡವಾಗಿ ಬಂದ ಅರ್ಜಿಯನ್ನು ತಳ್ಳಿಹಾಕಬಹುದು ಎಂದು ಹೇಳಿದೆ.

ರಿಜಿಸ್ಟರಿನಲ್ಲೇ ದಿನಾಂಕ ತಪ್ಪಾಗಿದ್ದರೆ, ಹಾಗೆಯೇ ಗಂಡು ಹೋಗಿ ಹೆಣ್ಣಾಗಿದ್ದರೆ, ತಂದೆಯ ಜಾಗದಲ್ಲಿ ಅಜ್ಜನ ಹೆಸರು ಕೂತಿದ್ದರೆ, ಅವು ಸಾರದ ತಪ್ಪುಗಳು. ಇವಕ್ಕೆ ಅರ್ಜಿಯೊಂದೇ ಸಾಲದು. ಯಾವುದು ತಪ್ಪು, ನಿಜ ಯಾವುದು ಎಂಬುದನ್ನು ವಿವರಿಸುವ ಘೋಷಣೆ ಬೇಕು. ಸಂಗತಿ ತಿಳಿದ, ನಂಬಿಕೆಗೆ ಅರ್ಹರಾದ ಇಬ್ಬರು ಅದನ್ನು ಮಾಡಬೇಕೆಂದು ನಿಯಮ ಹೇಳುತ್ತದೆ. ಸೂಲಗಿತ್ತಿ, ಬಾಣಂತನ ಮಾಡಿದ ಅತ್ತಿಗೆ, ಆಚೆಮನೆಯ ಹಿರಿಯರು, ಅಂದರೆ ಹುಟ್ಟನ್ನು ಕಂಡವರು ಅಥವಾ ಅಂದೇ ಕೇಳಿ ತಿಳಿದವರು ಎಂಬುದು ಅದರ ಆಶಯ. ನೋಟರಿಯ ಅಂಗಡಿಯ ಮುಂದೆ ಸಿಕ್ಕ ಇಬ್ಬರಿಂದ ಸಹಿ ಹಾಕಿಸುವುದು ಈ ನಿಯಮಕ್ಕೆ ಮಾಡುವ ಅಪಚಾರ, ಸುಳ್ಳು ಹೇಳಿಕೆಯೆಂದು ಸಾಬೀತಾದರೆ ಅಪರಾಧವೂ ಹೌದು.

ತಂದೆತಾಯಿಯರ ಅಂಕಣ ಬರೀ ಅಕ್ಷರದ ಪ್ರಶ್ನೆಯಲ್ಲ. ಮದುವೆಯಾಗದ ತಾಯಿ ತನ್ನ ಮಗುವಿನ ಜನನ ಪತ್ರ ಕೇಳಿದರೆ ಅವಳ ಅಫಿಡವಿಟ್ಟು ಸಾಕು, ತಂದೆಯ ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2015ರಲ್ಲಿ ಸ್ಪಷ್ಟಪಡಿಸಿದೆ. ಕಚೇರಿಯ ಕಿಟಕಿಯ ಮುಂದೆ ನಿಂತು ಹತ್ತು ಜನರೆದುರು ಉತ್ತರ ಕೊಡಬೇಕಾಗಿದ್ದ ಹೆಣ್ಣುಮಕ್ಕಳಿಗೆ ಆ ತೀರ್ಪು ಕೊಟ್ಟ ಬಲ ದೊಡ್ಡದು. ತಾಯಿ ಮರುಮದುವೆಯಾದಾಗ ಹೊಸ ಗಂಡನ ಹೆಸರನ್ನು ತಂದೆಯೆಂದು ಹಾಕಿಸುವ ಬೇಡಿಕೆ ಮಾತ್ರ ತಿದ್ದುಪಡಿಯ ಲೆಕ್ಕಕ್ಕೆ ಬರುವುದಿಲ್ಲ. ಅಂದಿನ ನಮೂದು ಅಂದಿನ ಮಟ್ಟಿಗೆ ನಿಜವೇ. ಅಲ್ಲಿ ಸರಿಯಾದ ದಾರಿ ದತ್ತಕ. ಕಾನೂನುಬದ್ಧ ದತ್ತಕದ ಆದೇಶವಿದ್ದರೆ ದತ್ತು ಪಡೆದವರ ಹೆಸರಿನಲ್ಲಿ ಜನನ ಪತ್ರ ಸಿಗುತ್ತದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ, ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣ ಪತ್ರದ ಮೇಲೆ ಜನನ ಪತ್ರದಲ್ಲಿ ಹೆಸರು ಬದಲಿಸಿಕೊಳ್ಳುವ ಹಕ್ಕು ಕೊಟ್ಟಿತು. ಅದರ ಆಧಾರದ ಮೇಲೆ ಬಂದ ಅರ್ಜಿಯೊಂದರಲ್ಲಿ ಕರ್ನಾಟಕ ಹೈಕೋರ್ಟು, ಹಿಂದಿನ ಹೆಸರು ಮತ್ತು ಲಿಂಗ, ಪರಿಷ್ಕೃತ ಹೆಸರು ಮತ್ತು ಲಿಂಗ ಎರಡೂ ಇರುವ ಪತ್ರ ಕೊಡಬೇಕೆಂದು ಸೂಚಿಸಿತು.

ಇನ್ನು ಅರ್ಜಿಯ ನಡೆ. ನಗರಗಳಲ್ಲಿ ಈ ಕೆಲಸ ಪಾಲಿಕೆ, ನಗರಸಭೆ, ಪುರಸಭೆಗಳ ಆರೋಗ್ಯ ವಿಭಾಗದಲ್ಲಿ ನಡೆಯುತ್ತದೆ. ಹಳ್ಳಿಗಳಲ್ಲಿ ಬಹುಕಾಲ ಗ್ರಾಮ ಲೆಕ್ಕಿಗರೇ ನೋಂದಣಾಧಿಕಾರಿಗಳಾಗಿದ್ದರು. ಹಳೆಯ ರಿಜಿಸ್ಟರುಗಳು ತಾಲೂಕು ಕಚೇರಿಯ ರೆಕಾರ್ಡ್ ರೂಮು ಸೇರಿವೆ. ಜಿಲ್ಲೆಗೆ ಜಿಲ್ಲಾಧಿಕಾರಿ ಜಿಲ್ಲಾ ನೋಂದಣಾಧಿಕಾರಿ, ರಾಜ್ಯಕ್ಕೆ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಮುಖ್ಯಸ್ಥರು ಮುಖ್ಯ ನೋಂದಣಾಧಿಕಾರಿ. ಈಗಿನ ನೋಂದಣಿಗಳು ಇ-ಜನ್ಮ ತಂತ್ರಾಂಶದಲ್ಲಿ ಆಗುತ್ತವೆ. ಪತ್ರದ ಮೇಲಿನ ನೋಂದಣಿ ಸಂಖ್ಯೆ ಮತ್ತು ನೋಂದಣಿಯ ದಿನಾಂಕ ಕೀಲಿಕೈ ಇದ್ದಂತೆ, ಅವೆರಡನ್ನು ಬರೆದಿಟ್ಟುಕೊಂಡು ಹೋದವರಿಗೆ ಪುಟ ಬೇಗ ಸಿಗುತ್ತದೆ. ಅರ್ಜಿಯಲ್ಲಿ ಈಗಿರುವ ನಮೂದು, ಇರಬೇಕಾದ ನಮೂದು, ತಪ್ಪಾದ ಕಾರಣ ಈ ಮೂರನ್ನು ಒಂದೊಂದು ವಾಕ್ಯದಲ್ಲಿ ಬರೆದರೆ ಸಾಕು. ಜೊತೆಗೆ ಮೂಲ ಪ್ರಮಾಣ ಪತ್ರ, ಅಫಿಡವಿಟ್ಟು, ತಂದೆತಾಯಿಯರ ಗುರುತಿನ ದಾಖಲೆ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡು. ತಪ್ಪು ಆಸ್ಪತ್ರೆಯ ವರದಿಯಲ್ಲೇ ಆಗಿದ್ದರೆ ಅಲ್ಲಿಯ ವೈದ್ಯಾಧಿಕಾರಿಯ ಪತ್ರ ಎಲ್ಲಕ್ಕಿಂತ ತೂಕದ್ದು.

ಸಾಕ್ಷ್ಯದಲ್ಲಿ ಬೆಲೆ ಬರುವುದು ಹಳೆಯ ಕಾಗದಕ್ಕೆ, ಇದನ್ನು ಒತ್ತಿ ಹೇಳಬೇಕು. ಹುಟ್ಟಿದ ವಾರದಲ್ಲಿ ಬರೆದ ಲಸಿಕೆ ಕಾರ್ಡಿನ ಮುಂದೆ, ಮೂವತ್ತು ವರ್ಷದ ನಂತರ ಮಾಡಿಸಿದ ಆಧಾರ್ ಕಾರ್ಡು ಹಗುರ. ಆಧಾರ್ ಕಾರ್ಡಿನ ವಿವರವೇ ಜನ ಹೇಳಿದ್ದನ್ನೋ ಬೇರೆ ಕಾಗದವನ್ನೋ ನೋಡಿ ಬರೆದದ್ದು. ಆದರೆ ಹಳೆಯ ಕಾಗದ ಎಂದೆಂದಿಗೂ ಕಾದುಕೊಂಡಿರುವುದಿಲ್ಲ. ಒಳರೋಗಿಗಳ ದಾಖಲೆಯನ್ನು ಕನಿಷ್ಠ 3 ವರ್ಷ ಇಟ್ಟುಕೊಳ್ಳಬೇಕೆಂದು 2002ರ ವೈದ್ಯರ ವೃತ್ತಿ ನಿಯಮಾವಳಿ ಹೇಳುತ್ತದೆ. ಅದರಾಚೆಗೆ ಹೆರಿಗೆಯ ಕೇಸ್ ಶೀಟು ಸಿಗುತ್ತದೆಂಬ ಖಾತ್ರಿಯಿಲ್ಲ.

ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯಬೇಕು. ಆಗುವುದಿಲ್ಲವೆಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಕಾರಣ ಸಮೇತ ಹಿಂಬರಹ ಕೇಳಬೇಕು. ಆ ಹಿಂಬರಹವಿಲ್ಲದೆ ಮೇಲಿನವರ ಬಳಿ ಹೋಗಲು ಹಿಡಿಯೇ ಇರುವುದಿಲ್ಲ. 2023ರ ತಿದ್ದುಪಡಿ ಕಾಯ್ದೆ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ. ನೋಂದಣಾಧಿಕಾರಿಯ ಆದೇಶದ ಮೇಲೆ ಜಿಲ್ಲಾ ನೋಂದಣಾಧಿಕಾರಿಗೆ, ಅವರ ಆದೇಶದ ಮೇಲೆ ಮುಖ್ಯ ನೋಂದಣಾಧಿಕಾರಿಗೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು, ಅದನ್ನು 90 ದಿನದೊಳಗೆ ತೀರ್ಮಾನಿಸಬೇಕು. ಮೊದಲು ಇಂಥ ಮೆಟ್ಟಿಲೇ ಇರಲಿಲ್ಲ. ಒಂದಕ್ಷರದ ತಪ್ಪಿಗೂ ಹೈಕೋರ್ಟಿಗೆ ಹೋದ ಕುಟುಂಬಗಳಿವೆ.

ಹುಟ್ಟೇ ನೋಂದಣಿಯಾಗಿಲ್ಲದವರಿಗೆ ತಿದ್ದುಪಡಿಯ ಮಾತು ಬರುವುದಿಲ್ಲ. ಅವರು ಮೊದಲು ರಿಜಿಸ್ಟರಿನಲ್ಲಿ ದಾಖಲೆ ಇಲ್ಲವೆಂಬ ಅಲಭ್ಯತಾ ಪ್ರಮಾಣ ಪತ್ರ ಪಡೆದು ತಡವಾದ ನೋಂದಣಿಗೆ ಹೋಗಬೇಕು. ವರ್ಷ ಮೀರಿದ್ದಕ್ಕೆ ಮುಂಚೆ ನ್ಯಾಯಾಂಗ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಮತ್ತು ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವ ಕನ್ನಡಿಗರು ಊರಿನ ಐವತ್ತು ವರ್ಷ ಹಿಂದಿನ ರಿಜಿಸ್ಟರನ್ನು ಹುಡುಕಿಸುವುದು ಜನನ ಪತ್ರವನ್ನೋ ಈ ಅಲಭ್ಯತಾ ಪತ್ರವನ್ನೋ ಪಡೆಯುವುದಕ್ಕೇ. ಹೊರದೇಶದಲ್ಲಿ ಹುಟ್ಟಿ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಣಿಯಾದ ಮಗುವಿನ ದಾಖಲೆ ಇಲ್ಲಿಯ ಊರಿನ ನೋಂದಣಿ ಕಚೇರಿಯ ರಿಜಿಸ್ಟರಿನಲ್ಲಿ ಇರುವುದಿಲ್ಲ. ಅದರ ತಿದ್ದುಪಡಿಗೆ ಆ ಕಚೇರಿಯನ್ನೇ ಕೇಳಬೇಕು.

2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಈ ಕಾಗದದ ತೂಕವೇ ಬೇರೆ. ಶಾಲೆಗೆ ಸೇರಿಸುವುದರಿಂದ ಹಿಡಿದು ವಾಹನ ಚಾಲನಾ ಪರವಾನಗಿ, ಮತದಾರರ ಪಟ್ಟಿ, ಮದುವೆಯ ನೋಂದಣಿ, ಸರ್ಕಾರಿ ಕೆಲಸ, ಪಾಸ್‌ಪೋರ್ಟು, ಆಧಾರ್‌ವರೆಗೆ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣ ಪತ್ರವೇ ಆಧಾರ. ಜೂನ್ 1ರ ತಲೆಮಾರಿಗೆ ಶಾಲೆಯ ದಾಖಲೆ ಆಸರೆಯಾಗಿ ನಿಂತಿತು, ಇವರಿಗೆ ಅಂಥ ಆಸರೆಯಿಲ್ಲ. ಆದ್ದರಿಂದ ಪತ್ರ ಕೈಗೆ ಬಂದ ದಿನವೇ, ಕಿಟಕಿಯ ಮುಂದೆ ನಿಂತಿರುವಾಗಲೇ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಅಕ್ಷರ ಅಕ್ಷರ ಓದಿ ನೋಡಿ. ತಪ್ಪಿದ್ದರೆ ಆ ವಾರವೇ ಅರ್ಜಿ ಕೊಡಿ, ಆಸ್ಪತ್ರೆಯ ಕಾಗದ ಇನ್ನೂ ಅಲ್ಲೇ ಇರುವಾಗ, ಹೆರಿಗೆಯ ರಾತ್ರಿ ಜೊತೆಗಿದ್ದ ಅಜ್ಜಿ ಸಾಕ್ಷಿ ಹೇಳಲು ಮನೆಯಲ್ಲಿರುವಾಗ.